ಉಪ್ಪುನೀರಿನಲ್ಲಿ ನಿಂತ ಕುದುರೆ

ಅಣ್ಣಿಗೇರಿ

ಸಮುದ್ರವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದಾಗ ಅದರೊಳಗೆ ಒಂದು ಕುದುರೆ ನಿಂತಿತ್ತು. ಮುಂಬಯಿಯಲ್ಲಿಯೂ ಸಮುದ್ರವಿದೆ, ಗೊತ್ತು. ಆದರೆ ಅಲ್ಲಿ ವಿಮಾನ ತಪ್ಪೀತೆಂಬ ಹೆದರಿಕೆಯಲ್ಲಿ, ಮುಂಜಾನೆಯ ವಿಮಾನಕ್ಕೆ ನಾನು ಕಾಕಾನನ್ನು ಹಿಂದಿನ ಸಂಜೆಯೇ ಕರೆದೊಯ್ದು ನಿಲ್ದಾಣದ ಬೆಂಚಿನ ಮೇಲೆ ಕೂಡಿಸಿದ್ದೆ. ಹಾಗಾಗಿ ನನ್ನ ಪಾಲಿನ ಸಮುದ್ರವೆಂದರೆ ಇಂಗ್ಲಂಡಿನ ಉತ್ತರದ ದಂಡೆಯದೇ.

ಆದರೆ ಮೊದಲು ನಮ್ಮ ಕುದುರೆಯ ವಿಷಯ ಹೇಳಬೇಕು. ಇಲ್ಲದಿದ್ದರೆ, ನವಲಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ, ಬಸ್ಸು ಹಳ್ಳದ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುವ ನನ್ನಂಥವನು ಅಷ್ಟು ದೂರ ಹೋಗಿ ಕುದುರೆಯ ಕಾಲು ನೋಡುತ್ತ ಏಕೆ ನಿಂತ ಎಂಬುದು ಯಾರಿಗೂ ತಿಳಿಯಲಿಕ್ಕಿಲ್ಲ.

ಬಸಲಿಂಗಪ್ಪ ಕಾಕಾ ನಮ್ಮ ತಂದೆಯ ತಮ್ಮ. ಅಣ್ಣಿಗೇರಿಯಲ್ಲಿ ಮನೆ, ಊರಾಚೆ ಎರೆ ಹೊಲ. ಮಳೆಗಾಲದಲ್ಲಿ ಆ ಕರಿ ಮಣ್ಣಿಗಿಳಿದ ಜೀಪು ದೀಪಾವಳಿಗೇ ಹೊರಗೆ ಬರುವುದು. ಹೊಲಕ್ಕೆ ಹೋಗಲು ಕಾಕಾನಿಗೆ ಕುದುರೆಯೇ ಗತಿ. ಅದರ ಹೆಸರು ಚಂದ್ರಿ. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಮನೆಯವರೊಂದಿಗೆ ಲೆಕ್ಕಕ್ಕೆ ತಕ್ಕಷ್ಟೇ ಮಾತಾಡುವ ಕಾಕಾ ಅದರ ಜೊತೆ ಹೊಲ ಮುಟ್ಟುವವರೆಗೆ ಹರಟುತ್ತಿದ್ದ. ಕಾಕಿ ಅದನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳು. ಕರೆದು, ಬೆಲ್ಲ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟಿತ್ತು. ನಮ್ಮ ಕಡೆಯ ಎರೆ ಬಿರಿದರೆ ಅದರೊಳಗೆ ಬಿದ್ದ ಕೋಲು ಮತ್ತೆ ಸಿಗುವುದಿಲ್ಲ. ಅಂಥದೊಂದು ಬಿರುಕಿನಲ್ಲಿ ಚಂದ್ರಿಯ ಬಲ ಮುಂಗಾಲು ಹೋಯಿತು. ಎಲುಬು ಮುರಿಯಲಿಲ್ಲ. ಮೊಣಕಾಲ ಕೆಳಗೆ ಹಿಂಬದಿಯ ನರ ಮಾತ್ರ ಬಾಳೆಕಾಯಿಯ ಹಾಗೆ ಬಾತುಕೊಂಡು, ಕಾಲು ಹಂಚಿನಂತೆ ಕಾಯತೊಡಗಿತು. ಔಡಲ ಎಲೆ ಕಾಸಿ ಕಟ್ಟಿದರು. ಇಟ್ಟಂಗಿ ಕಾಸಿ ಶಾಖ ಕೊಟ್ಟರು. ಬಿಸಿ ತವುಡು ಕಟ್ಟಿದರು. ಕಡೆಗೆ ನಾಲ ಬಡಿಯುವ ಇಮಾಮಸಾಬ ಬಂದು ಕಾಲು ಸವರಿ ನೋಡಿದ.

"ಧಣ್ಯಾರ, ಬರೀ ಎಳೀಬೇಕ್ರಿ. ಬ್ಯಾರೆ ಹಾದಿ ಕಾಣ್ಸವಲ್ದು."

ಬರೆಯೆಂದರೆ ಕಾಸಿದ ಕಬ್ಬಿಣದಿಂದ ಕಾಲಿನ ಮೇಲೆ ಗೆರೆ ಎಳೆಯುವುದು. ಸುಟ್ಟ ಚರ್ಮ ಬಿಗಿದುಕೊಂಡು ಒಳಗಿನ ನರಕ್ಕೆ ಬಲ ಬರುತ್ತದೆಂದು ನಂಬಿಕೆ. ಕಾಕಾ ಸಣ್ಣವನಿದ್ದಾಗ ಅಜ್ಜನ ಕುದುರೆಗೆ ಹಾಗೆ ಮಾಡಿದ್ದನ್ನು ಕಂಡಿದ್ದ. ಆ ಸುಟ್ಟ ಕೂದಲಿನ ವಾಸನೆ ಇನ್ನೂ ಮೂಗಿನಲ್ಲಿದೆ ಎನ್ನುತ್ತಿದ್ದ. ಇಮಾಮಸಾಬ ಬಂದಾಗಲೆಲ್ಲ ಮುಖ ತಿರುಗಿಸಿ, "ಮುಂದಿನ ವಾರ ನೋಡೂಣು" ಎಂದು ಕಳಿಸಿಬಿಡುತ್ತಿದ್ದ.

ಅಷ್ಟರಲ್ಲಿ ಇಂಗ್ಲಂಡಿನಲ್ಲಿದ್ದ ಅವನ ಮಗಳು ಶಾರದೆಗೆ ಗಂಡು ಕೂಸು ಹುಟ್ಟಿತು. ಅಲ್ಲಿ ಡಾಕ್ಟರಾಗಿದ್ದ ಅಳಿಯ, ಅಜ್ಜ-ಅಜ್ಜಿ ಬಂದು ನೋಡಲೇಬೇಕೆಂದು ಟಿಕೀಟು ಕಳಿಸಿದ. "ಹುಬ್ಬಳ್ಳಿ ಬಸ್ಸಿನ್ಯಾಗ ವಾಂತಿ ಮಾಡ್ಕೊಳ್ಳಾಕಿ ನಾ. ಆಕಾಶದಾಗ ಯಾರ ಮ್ಯಾಲ ಮಾಡ್ಕೊಳ್ಳಲಿ?" ಎಂದು ಕಾಕಿ ಒಲ್ಲೆನೆಂದಳು. ಬೇಸಿಗೆ ರಜೆಯಲ್ಲಿದ್ದ ನನ್ನನ್ನು, ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ, ಅವಳ ಜಾಗಕ್ಕೆ ಹೊಂದಿಸಿದರು.

ಅಣ್ಣಿಗೇರಿಯ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗಲೂ ಕಾಕಾನ ಮಾತು ಒಂದೇ. "ಶಿವಾನಂದಾ, ಚಂದ್ರಿ..." ಎಂದ ಮಗನಿಗೆ.

"ಚಿಂತಿ ಬಿಡ್ರಿ ಅಪ್ಪಾ, ನಾ ಇದ್ದೇನಲ್ರಿ" ಎಂದ ಶಿವಾನಂದ. ತಂದೆಗಾಗಿ ಉರಿಬಿಸಿಲಿನಲ್ಲಿ ಒಂಟಿಗಾಲಲ್ಲಿ ನಿಲ್ಲುವ ಹುಡುಗ.

"ಬರಿ ಎಳಿಯೂ ಮಾತು ನಾ ಬಂದ ಮ್ಯಾಲ ನೋಡೂಣು."

"ಆತ್ರಿ, ನೀವು ನಿಶ್ಚಿಂತಿ ಹೋಗಿ ಬರ್ರಿ."

ಲಂಡನ್ನಿನ ವಿಮಾನ ನಿಲ್ದಾಣ

ವಿಮಾನದಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ನಾನು ಎಚ್ಚರವಿದ್ದರೆ ಮಾತ್ರ ಅದು ಮೇಲೆ ನಿಂತಿರುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಕಾಕಾ ಎರಡು ಸಮುದ್ರಗಳ ಮೇಲೆ ಗೊರಕೆ ಹೊಡೆದ.

ಇಳಿದ ಮೇಲೆ ತಪಾಸಣೆಯ ಅಧಿಕಾರಿಯೊಬ್ಬ ಕಾಕಾನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಬೆರಳು ತೋರಿಸಿ, ಅದರೊಳಗೇನಿದೆ ಎಂದ. ನಾನು "ದೇವರು" ಎಂದೆ. ತೆಗೆದು ತೋರಿಸಿ ಎಂದ.

"ತೋರ್ಸಾಕೇನ್ ಅಡ್ಡಿಲ್ಲ" ಎಂದ ಕಾಕಾ. "ಕೈಕಾಲು ತೊಳಕೋಬೇಕು. ನೀರು ಎಲ್ಲೈತಿ ಕೇಳು."

ಹಿಂದೆ ಹನುಮನ ಬಾಲದಂಥ ಸಾಲು. ನನ್ನ ಕಣ್ಣ ಮುಂದೆ ಜೈಲು, ನವಲಗುಂದದಲ್ಲಿ ಅಳುತ್ತಿರುವ ಹೆಂಡತಿ, ಶಾಲೆಯ ಹೆಡ್ಮಾಸ್ತರರ ಮುಖ, ಎಲ್ಲ ಒಂದರ ಹಿಂದೊಂದು ಬಂದುಹೋದವು. ನಾನು ಕೇಳಿದ್ದಕ್ಕೆ ಅಧಿಕಾರಿ ನಮ್ಮನ್ನು ನಲ್ಲಿಯ ಕೋಣೆಗೆ ಕರೆದೊಯ್ದ. ಅಲ್ಲಿ ಕಾಕಾ ಕಾಲು ಎತ್ತಿ ಮುಖ ತೊಳೆಯುವ ಬಿಳಿ ಬೋಗುಣಿಯೊಳಗೆ ಇಟ್ಟುಬಿಟ್ಟ. ಮೊದಲು ಬಲಗಾಲು, ಆಮೇಲೆ ಎಡಗಾಲು. ನಾನು ಗೋಡೆಯ ಕಡೆ ತಿರುಗಿ ನಿಂತೆ. ತಿರುಗಿ ನೋಡುವಷ್ಟರಲ್ಲಿ ಕಾಕಾನ ಅಂಗೈ ಮೇಲೆ ಲಿಂಗವಿತ್ತು. ಅಧಿಕಾರಿ ತನ್ನ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಹೋಗುವಾಗ ಒರೆಸಿಕೊಳ್ಳಲು ಕಾಗದದ ವಸ್ತ್ರವನ್ನೂ ಚಾಚಿದ.

"ಚಲೋ ಮನಷ್ಯಾ" ಎಂದ ಕಾಕಾ. ನನ್ನ ಬನಿಯನ್ನು ಆ ಚಳಿಯಲ್ಲಿಯೂ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು.

ಶಾರದೆಯ ಮನೆ

ಶಾರದೆ ಇದ್ದದ್ದು ಸಮುದ್ರದಂಡೆಯ ಒಂದು ಸಣ್ಣ ಊರಲ್ಲಿ. ಕಲ್ಲಿನ ಮನೆಗಳು, ನಿಲ್ಲದ ಗಾಳಿ. ಮೇ ತಿಂಗಳು. ನಮ್ಮಲ್ಲಿ ಕಾಗೆಗಳು ನೆರಳು ಹುಡುಕಿಕೊಂಡು ಬಾಯಿ ತೆರೆದು ಕೂಡುವ ಹೊತ್ತು. ಇಲ್ಲಿ ಸೂರ್ಯ ಕಾಣುತ್ತಾನೆ, ಕಾಯುವುದಿಲ್ಲ. ನಾನು ಎರಡು ಬನಿಯನ್ನು, ಅಂಗಿ, ಸ್ವೆಟರು, ಕೋಟು, ಕಿವಿ ಮುಚ್ಚುವ ಮಂಗ್ಯಾನ ಟೊಪ್ಪಿಗೆ ಹಾಕಿಕೊಂಡು ಹಲ್ಲು ಕಟಕಟಿಸುತ್ತಿದ್ದರೆ, ಪಕ್ಕದ ಮನೆಯ ಮುದುಕಿ ತೋಳಿಲ್ಲದ ಅಂಗಿಯಲ್ಲಿ ಬೇಲಿಯ ಮೇಲಿಂದ ಬಗ್ಗಿ, ಇವತ್ತು ಎಂಥ ಸೆಕೆ ಅಲ್ಲವೇ ಎಂದಳು. ನಮ್ಮ ಅಜ್ಜಿಯ ವಯಸ್ಸಿನ ಆಕೆ ದಿನಾ ಮುಂಜಾನೆ ಒಂದು ಟವೆಲು ಹೆಗಲಿಗೆ ಹಾಕಿಕೊಂಡು ಸಮುದ್ರದ ಸ್ನಾನಕ್ಕೆ ಹೋಗುತ್ತಾಳಂತೆ. ಅವಳು ಹೊರಟಾಗ ಕಾಕಾ ಮರ್ಯಾದೆಯಿಂದ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ.

ನಿಜವಾದ ಆಘಾತ ಮರುದಿನ ಮುಂಜಾನೆ ಕಾದಿತ್ತು. ಲಿಂಗಪೂಜೆ ಮುಗಿಸಿ ಕಾಕಾ ಮೊಮ್ಮಗನನ್ನು ಹುಡುಕಿದ. ಕೋಣೆಯಲ್ಲಿಲ್ಲ. ತೊಟ್ಟಿಲಲ್ಲಿಲ್ಲ. ಕಿಟಕಿಯಿಂದ ನೋಡಿದರೆ ಹಿತ್ತಿಲಲ್ಲಿ, ಬೀಸುವ ಗಾಳಿಯಲ್ಲಿ, ಕೈಗಾಡಿಯೊಂದರೊಳಗೆ ಕೂಸು ಒಂಟಿಯಾಗಿ ಮಲಗಿದೆ!

"ಶಾರವ್ವಾ! ಕೂಸಿನ್ನ ಯಾರೋ ಹೊರಗ ಒಗದಾರಬೇ!"

"ನಾನ ಮಲಗ್ಸೇನ್ರಿ ಅಪ್ಪಾ" ಎಂದಳು ಶಾರದೆ, ರೊಟ್ಟಿ ಬಡಿಯುವುದನ್ನು ಬಿಡದೆ. "ಹೊರಗಿನ ಗಾಳಿ ಕೂಸಿಗೆ ಚಲೋ ಅಂತ ನರ್ಸಬಾಯಾರು ಹೇಳ್ಯಾರ."

"ಗಾಳಿ ಚಲೋ ಅಂತ ಹಿತ್ತಲದಾಗ ಇಟ್ಟೀ? ಹಪ್ಪಳಾ ಏನಬೇ ಅದು, ಒಣಗ್ಸಾಕ?"

ನಮ್ಮಲ್ಲಿ ಬಾಣಂತಿಯ ಕೋಣೆಗೆ ಕಿಟಕಿ ಇದ್ದರೂ ಅದು ಮುಚ್ಚಲಿಕ್ಕೆಂದೇ ಇರುವುದು. ಕೆಂಡದ ಬುಟ್ಟಿ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ. ಕಾಕಾ ಹೊರಗೆ ಓಡಿದ. ಕೂಸು ಕೆಂಪು ಕೆನ್ನೆಯನ್ನು ಉಬ್ಬಿಸಿಕೊಂಡು ಗಾಢ ನಿದ್ದೆಯಲ್ಲಿತ್ತು. ಕಾಕಾ ಅದರ ಪಕ್ಕ ಕುರ್ಚಿ ಹಾಕಿಕೊಂಡು, ತನ್ನ ತಲೆಯ ಪಟಗಾ ಬಿಚ್ಚಿ ಕೈಗಾಡಿಗೆ ಗಾಳಿಮರೆ ಕಟ್ಟಿ, ಕೂಸು ಏಳುವವರೆಗೆ ಕಾವಲು ಕೂತ. "ಈ ಮಂದಿಗೆ ಥಂಡಿ ಅಂದ್ರ ದೇವರ ಆಗೇತೇನಲೇ ಮಾಸ್ತರ?" ಎಂದ. ನಾನು ಮಂಗ್ಯಾನ ಟೊಪ್ಪಿಗೆಯನ್ನು ಗದ್ದದವರೆಗೆ ಎಳೆದುಕೊಂಡೆ. ನಾಲಿಗೆ ಮರಗಟ್ಟಿತ್ತು.

ದಂಡೆಯ ಮೇಲೆ

ಮರುದಿನ ಸಮುದ್ರ ನೋಡಲು ಹೋದೆವು. ಗಾಳಿಗೆ ನನ್ನ ಕೊಡೆ ಮೊದಲ ತಿರುವಿನಲ್ಲೇ ಮೇಲುಮುಖವಾಗಿ ಹೂವಿನಂತೆ ಅರಳಿತು. ಅದನ್ನು ಮಡಚಲು ಒದ್ದಾಡುತ್ತಿದ್ದಾಗ ಕಾಕಾ ನನ್ನ ತೋಳು ಹಿಡಿದು ನಿಲ್ಲಿಸಿದ.

ಬೂದು ಬಣ್ಣದ ನೀರು, ಅದರೊಳಗೆ ಬೂದು ಬಣ್ಣದ ಕುದುರೆ. ಕೆಂಪು ಮುಖದ ಮುದುಕನೊಬ್ಬ ಪ್ಯಾಂಟನ್ನು ತೊಡೆಯವರೆಗೆ ಮಡಚಿ, ಬರಿಗಾಲಲ್ಲಿ ಅದರ ಹಗ್ಗ ಹಿಡಿದು ನಿಂತಿದ್ದ. ಮೈ ತೊಳೆಯುತ್ತಿರಲಿಲ್ಲ. ನೀರು ಕುಡಿಸುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ನಿಂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಬಹಳ ಹೊತ್ತಾದ ಮೇಲೆ ಮುದುಕ ಕುದುರೆಯನ್ನು ಮರಳಿಗೆ ಹೊರಡಿಸಿದ. ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಕಾಕಾ ಹೌಹಾರಿದ.

"ಲೇ ಮಾಸ್ತರ, ಅದು ಕುಂಟಾಕತ್ತೇತಿ! ಮುಂಗಾಲು! ಅಗದಿ ನಮ್ಮ ಚಂದ್ರೀದ ಕಾಲು!"

ತಡೆಯುವಷ್ಟರಲ್ಲಿ ಕಾಕಾ ಧೋತರ ಎತ್ತಿ ಹಿಡಿದು ಮರಳಿನ ಮೇಲೆ ದಾಪುಗಾಲು ಹಾಕಿದ್ದ. ಮುದುಕನ ಎದುರು ನಿಂತು ಕೋಲು ಮರಳಿಗೆ ಕುಟ್ಟಿದ. "ಕೇಳು ಅಂವನ್ನ! ಕಾಲು ನೋಯಿಸಿಕೊಂಡ ಕುದುರಿನ್ನ ಬರ್ಫದಂಥಾ ನೀರಾಗ ನಿಲ್ಸೀದಿಯಲ್ಲ, ನಿನಗ ಮನಿಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು ಅಂತ ಕೇಳು!"

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿದೆ: "ನಮಸ್ಕಾರ. ನಮ್ಮ ಕಾಕಾನಿಗೆ ಕುದುರೆಗಳೆಂದರೆ ಬಹಳ ಪ್ರೀತಿ."

ಮುದುಕನ ಹೆಸರು ಆರ್ಥರ್. ಕುದುರೆ ಬೆಸ್ಸಿ. ಅವನಾಡುವ ಇಂಗ್ಲಿಷು ನಾನು ಇಪ್ಪತ್ತು ವರ್ಷದಿಂದ ಕಲಿಸುತ್ತ ಬಂದ ಇಂಗ್ಲಿಷಿನ ದೂರದ ಸಂಬಂಧಿಯೂ ಅಲ್ಲ. ಪ್ರತಿ ಮಾತನ್ನೂ ಎರಡು ಸಲ ಹೇಳಿಸಬೇಕಾಯಿತು. ಕಾಕಾನಿಗೆ ಒಂದು ಸಲವೂ ಬೇಕಾಗಲಿಲ್ಲ. ಆರ್ಥರ್ ಅವನ ಕೈ ಹಿಡಿದು ಮೊದಲು ಕುದುರೆಯ ಕೊರಳಿನ ಮೇಲೆ ಇಟ್ಟ, ಆಮೇಲೆ ನೊಂದ ಕಾಲಿನ ಮೇಲೆ.

ಕಾಕಾ ಬಗ್ಗಿದವನು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಕಾವು ಇಲ್ಲಲೇ" ಎಂದ. ಧ್ವನಿಯಲ್ಲಿ ಸಿಟ್ಟು ಎಲ್ಲಿ ಹೋಯಿತೋ. "ಬಾವು ಐತಿ, ಆದ್ರ ಕಾವು ಇಲ್ಲ."

ಆ ಸಂಜೆ ಊಟಕ್ಕೆ ಕೂತಾಗ ಡಾಕ್ಟರ್ ಅಳಿಯ ಬಿಡಿಸಿ ಹೇಳಿದ. "ಥಂಡಿಗೆ ರಕ್ತನಾಳ ಕುಗ್ಗತಾವ್ರಿ ಮಾಂವಾರ, ಬಾವು ಇಳೀತೈತಿ. ಉಪ್ಪು ಒಳಗಿನ ನೀರು ಹೀರ್ತೈತಂತಾರ. ಮ್ಯಾಲ ತೆರಿ ಬಡದು ಕಾಲು ತಿಕ್ಕಿದಂಗ ಆಕ್ಕೈತಿ. ನಾವೂ ದವಾಖಾನ್ಯಾಗ ಉಳಿಕಿದ ಕಾಲಿಗೆ ಮೊದಲ ಬರ್ಫನ ಇಡೂದು."

"ಇಷ್ಟ್ ವರ್ಷ ಕಲ್ತು ಬರ್ಫ ಇಡ್ತೀರೇನ್ರಿ?" ಎಂದ ಕಾಕಾ, ನಿಜವಾದ ಮರುಕದಿಂದ. ಆಮೇಲೆ ಊಟ ಮುಗಿಯುವವರೆಗೆ ತನ್ನ ಅಂಗೈಯನ್ನೇ ನೋಡುತ್ತಿದ್ದ.

ಆರ್ಥರನ ಲಾಯ

ಆರ್ಥರನ ಲಾಯದಲ್ಲಿ ಬೆಸ್ಸಿಯೊಂದೇ ಕುದುರೆ. ಜಿಗಿತದ ಓಟಗಳಲ್ಲಿ ಓಡುತ್ತಿದ್ದದ್ದು, ಬೇಲಿ ಹಾರಿ ಇಳಿಯುವಾಗ ಕಾಲು ಕೆಡಿಸಿಕೊಂಡಿತ್ತು. ಕಾಕಾ ಒಣಹುಲ್ಲಿನಿಂದ ಅದರ ಕಾಲಿನ ನೀರು ಒರೆಸುತ್ತಿದ್ದ. ಹೆಂಡತಿಯ ಮೊಣಕೈಗೆ ಎಣ್ಣೆ ಹಚ್ಚಿದವನಲ್ಲ. ಇಲ್ಲಿ ಪರದೇಶದ ಕುದುರೆಯ ಸೇವೆ. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು. ಬೆರಳುಗಳು ಒದ್ದೆ ಕೂದಲನ್ನು ಸೀಳಿ ಸರಿಸಿದವು.

"ಮಾಸ್ತರ. ಬಾ ಇಲ್ಲೆ."

ಕಾಲಿನುದ್ದಕ್ಕೆ ಅಡ್ಡಗೆರೆಗಳು. ಏಣಿಯ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು, ಕೂದಲು ಹುಟ್ಟದ ಉಬ್ಬುಗೆರೆಗಳು.

"ಇವ್ರೂ ಬರಿ ಹಾಕ್ಯಾರಲೇ!"

ನಾನೂ ಬೆರಳಿಟ್ಟು ನೋಡಿದೆ. ಆಕಾಶಕ್ಕೆ ಮನುಷ್ಯರನ್ನು ಕಳಿಸಿದ ಕಾಲ. ಬರೆ, ಕಾಸಿದ ಕಬ್ಬಿಣ, ಇವೆಲ್ಲ ನಮ್ಮಂಥ ಎರೆಮಣ್ಣಿನವರ ಹಣೆಬರಹ, ಈ ಜನ ಇದನ್ನೆಲ್ಲ ಯಾವಾಗಲೋ ದಾಟಿರುತ್ತಾರೆ ಎಂದು ನಾನು ಇಷ್ಟು ದಿನ ಮಕ್ಕಳಿಗೆ ಪಾಠದ ನಡುವೆ ಹೇಳುತ್ತ ಬಂದಿದ್ದೆ. ಆರ್ಥರನನ್ನು ಕೇಳಿದೆ. ಹೌದು ಎಂದ, ಹೋದ ವರ್ಷ ದನದ ಡಾಕ್ಟರೇ ಹಾಕಿದರು, ಇಲ್ಲಿ ಇದು ವಾಡಿಕೆ. ಅದರಿಂದ ಗುಣ ಬರಲಿಲ್ಲ, ಅದಕ್ಕೇ ಈಗ ಸಮುದ್ರ. ಏಕೆ ಗುಣವಾಗುತ್ತದೆ ಎಂದು ಕೇಳಿದರೆ ಹೆಗಲು ಹಾರಿಸಿದ. ಅವನಪ್ಪ ನಿಲ್ಲಿಸುತ್ತಿದ್ದ, ಅವನು ನಿಲ್ಲಿಸುತ್ತಾನೆ.

ಆಮೇಲೆ ಚಹಾ ಬಸಿಯುತ್ತ ಇನ್ನೊಂದು ಮಾತು ಹೇಳಿದ. ಸಕ್ಕರೆ ಎಷ್ಟು ಎಂದು ಕೇಳಿದ ಅದೇ ಧ್ವನಿಯಲ್ಲಿ. ನಾನು ಕಪ್ಪಿನೊಳಗೆ ಮುಖ ಹುದುಗಿಸಿದೆ.

"ಏನಂದಾ?" ಎಂದ ಕಾಕಾ.

"ಮುಂದಿನ ವಾರ ದನದ ಡಾಕ್ಟರ್ ಬರ್ತಾರಂತ್ರಿ. ಗಟ್ಟಿ ರಸ್ತಾದ ಮ್ಯಾಲ ಓಡ್ಸಿ ನೋಡ್ತಾರಂತ."

"ನೋಡಿ?"

"ಕುಂಟದಿದ್ರ ಚಲೋ."

"ಕುಂಟಿದ್ರ?"

"ಗುಂಡು ಹಾಕ್ತಾರಂತ್ರಿ ಕಾಕಾ."

ಕಾಕಾ ಚಹಾ ಕೆಳಗಿಟ್ಟ. "ಯಾರಿಗೆ?"

ನಾನು ಬೆಸ್ಸಿಯ ಕಡೆ ನೋಡಿದೆ. ಕಾಕಾ ಆರ್ಥರನ ಕಡೆ ನೋಡಿದ. ಆರ್ಥರ್ ಕಪ್ಪಿನ ಕಡೆ ನೋಡುತ್ತಿದ್ದ; ಸಕ್ಕರೆ ಯಾವಾಗಲೋ ಕರಗಿದ್ದರೂ ಚಮಚ ತಿರುಗಿಸುತ್ತಲೇ ಇದ್ದ. ಜೀವಮಾನವೆಲ್ಲ ನೋವಿನಲ್ಲಿ ನಿಲ್ಲಿಸುವುದಕ್ಕಿಂತ ಅದೇ ದಯೆ ಎಂದು ಅವನ ಲೆಕ್ಕ. ಕುಂಟು ಎತ್ತನ್ನೂ ಸಾಯುವವರೆಗೆ ಮೇವು ಹಾಕಿ ಕಟ್ಟುವ ಮನೆಯವನಿಗೆ ಈ ದಯೆ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಕಾಕಾ ಮೊಮ್ಮಗನನ್ನು ಗಾಳಿಯ ಪಾಲಿಗೆ ಬಿಟ್ಟು, ದಿನಾ ಮುಂಜಾನೆ ಬೆಸ್ಸಿಯ ಜೊತೆ ಸಮುದ್ರಕ್ಕೆ ಇಳಿಯತೊಡಗಿದ.

ನೀರೊಳಗೆ

ನನ್ನನ್ನು ಇಳಿಸುವ ಯೋಚನೆ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಒಂದು ದಿನ ತೆರೆ ಜೋರಾಗಿತ್ತು, ಕುದುರೆ ಬೆದರುತ್ತಿತ್ತು. ಎರಡೂ ಬಾಜು ಹಗ್ಗ ಹಿಡಿಯಬೇಕಾಯಿತು. ಆರ್ಥರನಿಗೆ ನೆಗಡಿ, ದಂಡೆಯಲ್ಲೇ ಕೂತು ಕೆಮ್ಮುತ್ತಿದ್ದ.

"ಬಾರಲೇ ಮಾಸ್ತರ, ಕುದುರಿಕಿಂತ ನಿನಗ ಹೆಚ್ಚು ಅಂಜಿಕಿ" ಎಂದ ಕಾಕಾ ನೀರೊಳಗಿಂದ.

ಚಳಿಯೆಂದರೆ ನಡುಕ ಎಂದು ನಾನು ತಿಳಿದಿದ್ದೆ. ತಪ್ಪು. ಆ ನೀರು ಮೊದಲು ಸುಡುತ್ತದೆ. ಕಣಕಾಲಿಗೆ ಕಾಸಿದ ಬಳೆ ತೊಡಿಸಿದಂತಾಗಿ 'ಅಯ್ಯಪ್ಪೋ' ಎಂದು ಕೂಗಿಕೊಂಡೆ. ಕಾಕಾ, ಅರುವತ್ತು ದಾಟಿದವನು, ನಗುತ್ತಿದ್ದ. ಆಗ ದೊಡ್ಡ ತೆರೆಯೊಂದು ಬಂದು ಬೆಸ್ಸಿಯ ಹೊಟ್ಟೆಗೆ ಬಡಿಯಿತು, ಬೆಸ್ಸಿ ಪಕ್ಕಕ್ಕೆ ಸರಿಯಿತು, ನಾನು ಹಗ್ಗ ಬಿಡಬೇಕೋ ಬಾರದೋ ಎಂದು ಚಿಂತಿಸುತ್ತಿರುವಾಗಲೇ ನೀರಿನ ಕೆಳಗಿದ್ದೆ.

ಅಲ್ಲಿ ಎಷ್ಟು ಹೊತ್ತಿದ್ದೆನೋ. ಹಗ್ಗ ಬಿಡದ್ದೇ ಪುಣ್ಯ. ಕುದುರೆ ನನ್ನನ್ನು ಹಸಿ ಬಟ್ಟೆ ಎಳೆದಂತೆ ದಂಡೆಗೆ ಎಳೆದು ತಂದಿತು. ಮೂಗು, ಬಾಯಿ, ಕಿವಿ ಎಲ್ಲ ಉಪ್ಪು. ಮಂಗ್ಯಾನ ಟೊಪ್ಪಿಗೆ ತೆರೆಯ ಮೇಲೆ ತೇಲುತ್ತ ದೂರ ಸಾಗಿತ್ತು.

"ನೋಡಲೇ" ಎಂದ ಕಾಕಾ, ನನ್ನ ಬೆನ್ನು ಗುದ್ದುತ್ತ, "ನಿನ್ನ ಟೊಪ್ಪಿಗಿಗೆ ನಿನಗಿಂತ ಧೈರ್ಯ ಐತಿ. ಒಂದ ಹೊಂಟೇತಿ."

ನಾನು ಮಾತ್ರ ಬೆಸ್ಸಿಯ ಕಾಲನ್ನು ನೋಡುತ್ತಿದ್ದೆ. ಎಳೆಯುವ ಭರದಲ್ಲಿ ಅದು ಕುಂಟುವುದನ್ನು ಮರೆತಿತ್ತು.

ಗಟ್ಟಿ ರಸ್ತೆ

ಡಾಕ್ಟರ್ ಬರುವ ದಿನ ಕಾಕಾ ಸ್ನಾನ ಮಾಡಿ, ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ಲಾಯದಲ್ಲಿ ಬೆಸ್ಸಿಯ ಹಣೆಗೆ ಮೂರು ಬೆರಳಿನಲ್ಲಿ ಅಡ್ಡಲಾಗಿ ಎಳೆದ. ಎತ್ತರದ, ತೆಳ್ಳನೆಯ ಡಾಕ್ಟರ್ ಕಾಲು ನೋಡುವ ಮೊದಲು ಹಣೆ ನೋಡಿದ. ಚರ್ಮರೋಗವೆಂದು ತಿಳಿದನೋ ಏನೋ, ಬೆರಳಿಂದ ಉಜ್ಜಿ ಮೂಸಿ ನೋಡಿದ. ಆರ್ಥರ್ ಗಂಭೀರವಾಗಿ, ಅದು ಇಂಡಿಯಾದ ಔಷಧ ಎಂದ.

ಡಾಕ್ಟರನ ಚೀಲದ ಪಕ್ಕದಲ್ಲಿ ಒಂದು ಸಣ್ಣ ಮರದ ಪೆಟ್ಟಿಗೆಯಿತ್ತು. ಅದರಲ್ಲೇನಿದೆ ಎಂದು ಕಾಕಾ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಲ್ಲು ಹಾಸಿದ ಬೀದಿಯಲ್ಲಿ ಓಡಿಸಬೇಕು. ಕುದುರೆ ಕುಂಟಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ನೋವಿನ ಕಾಲು ನೆಲಕ್ಕೆ ಹಗುರಾಗಿ ಬೀಳುತ್ತದೆ. ಆರ್ಥರ್ ಹಗ್ಗ ಹಿಡಿದು ಓಡತೊಡಗಿದ. ಕಾಕಾ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ನಾನು ನೋಡುತ್ತಿದ್ದೆ, ಆದರೆ ಹೆದರಿಕೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಟಕ್ ಟಕ್ ಎಂದು ಬೀದಿಯ ತುದಿಗೆ ಹೋಯಿತು. ತಿರುಗಿತು. ಬಂತು.

"ಒಂದ ಸಮ ಐತಿ" ಎಂದ ಕಾಕಾ, ಕಣ್ಣು ತೆರೆಯದೆ. "ಮಾಸ್ತರ, ಒಂದ ಸಮ ಬೀಳಾಕತ್ತಾವಲ್ಲ?"

ಡಾಕ್ಟರ್ ಇನ್ನೂ ಎರಡು ಸಲ ಓಡಿಸಿದ. ಆಮೇಲೆ ಚೀಲವನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಮೋಟಾರಿನಲ್ಲಿಟ್ಟ. ಆರ್ಥರ್ ಬೆಸ್ಸಿಯ ಕೊರಳಿಗೆ ಹಣೆ ಆನಿಸಿ ನಿಂತುಬಿಟ್ಟ. ಹಿಂತಿರುಗಿದಾಗ ಅವನ ಹಣೆಯ ಮೇಲೂ ಅರ್ಧ ವಿಭೂತಿ ಮೂಡಿತ್ತು.

ಮನೆಗೆ ನಡೆಯುತ್ತ ನಾನು ಕಾಕಾನಿಗೆ ಹೇಳಿದೆ: "ಊರಿಗೆ ಒಂದು ತಾರ್ ಕೊಡೂಣ್ರಿ. ಬರಿ ಹಾಕಬ್ಯಾಡ್ರಿ ಅಂತ."

"ನಿನಗ ಚಿಂತಿ ಮಾಡಾಕ ಬ್ಯಾರೆ ಏನೂ ಸಿಗವಲ್ದೇನು? ನಾ ಬಂದ ಮ್ಯಾಲ ಅಂತ ಮಾತಾಗೇತಿ. ಕುದುರಿ ಸಲುವಾಗಿ ತಾರ್ ಹೋತಂದ್ರ, ಓದಾವ ಬರೂದ್ರಾಗ ನಿಮ್ಮ ಕಾಕಿ ನಾನ ಸತ್ತೇನಂತ ಬಳಿ ಒಡಕೊಂಡು ಕುಂತಿರತಾಳ."

ಅದೂ ನಿಜವೇ. ಅಣ್ಣಿಗೇರಿಗೆ ತಾರು ಬಂದದ್ದು ಸಾವಿಗೆ ಮಾತ್ರ. ನಾನು ನಕ್ಕು ಆ ಚಿಂತೆಯನ್ನು ಅಲ್ಲೇ ಬಿಟ್ಟೆ.

ಹೊರಡುವ ಮುನ್ನ ಕಾಕಾ ನನ್ನಿಂದ ಆರ್ಥರನನ್ನು ಕೇಳಿಸಿದ: ನಮ್ಮೂರಿಗೆ ಸಮುದ್ರವಿಲ್ಲ, ಏನು ಮಾಡಲಿ? ಆರ್ಥರ್ ಅಚ್ಚರಿಯಿಂದ, ನಿಮ್ಮಲ್ಲಿ ತಣ್ಣೀರಿಲ್ಲವೇ, ಉಪ್ಪಿಲ್ಲವೇ ಎಂದ. ತೆರೆ ಏಳುವ ದಿನಗಳಲ್ಲಿ ತಾನೂ ತೊಟ್ಟಿಯಲ್ಲೇ ನಿಲ್ಲಿಸುವುದೆಂದ. ಕಾಕಾ ಆ ಮಾತನ್ನು ವಿಮಾನದವರೆಗೆ ಮೆಲುಕು ಹಾಕಿದ. ಯಾವುದೋ ಸಮುದ್ರದ ಮೇಲೆ ಹಾರುವಾಗ ನನ್ನ ತೊಡೆಯ ಮೇಲೆ ಹೊಡೆದ.

"ಲೇ! ನಮ್ಮ ಸವುಳ ಬಾವಿ!"

ಅಜ್ಜ ಹಿತ್ತಿಲಲ್ಲಿ ಹುಮ್ಮಸ್ಸಿನಿಂದ ತೋಡಿಸಿದ ಬಾವಿ ಅದು. ನಮ್ಮ ಕಡೆಯ ಹೆಚ್ಚಿನ ಬಾವಿಗಳ ಹಾಗೆ ಅದಕ್ಕೂ ಉಪ್ಪುನೀರು ಬಂತು. ಬೇಳೆ ಬೇಯುವುದಿಲ್ಲ, ಗಿಡ ಬದುಕುವುದಿಲ್ಲ. ಕುಡಿಯುವ ನೀರಿಗೆ ಕೆರೆಗೆ ಹೋಗುವ ಹೆಂಗಸರೆಲ್ಲ ದಿನಾ ಅದಕ್ಕೊಂದು ಬೈಗುಳ ಹಾಕಿಯೇ ಮುಂದೆ ಹೋಗುತ್ತಿದ್ದರು.

"ಮೂರು ತಲಿಮಾರು ಬೈದೇವಿ ಅದಕ್ಕ" ಎಂದು ಕಾಕಾ ಒಬ್ಬನೇ ನಗುತ್ತಿದ್ದ. ಆ ರಾತ್ರಿ ನಾನೂ ವಿಮಾನವನ್ನು ಅದರ ಪಾಡಿಗೆ ಬಿಟ್ಟು ನಿದ್ದೆ ಮಾಡಿದೆ.

ಮರಳಿ ಅಣ್ಣಿಗೇರಿ

ಮುಂಗಾರು ಹನಿದಿತ್ತು. ರೈಲಿನ ಕಿಟಕಿಯಿಂದ ನೋಡಿದರೆ ಎರೆ ಬಾಯಿ ಮುಚ್ಚಿ ಏನೂ ಆಗಿಯೇ ಇಲ್ಲವೆಂಬಂತೆ ಮಲಗಿತ್ತು. ಸ್ಟೇಶನ್ನಿನಲ್ಲಿ ಶಿವಾನಂದ ತಂದೆಯ ಕಾಲಿಗೆ ಬಿದ್ದು ಎದ್ದ. ಮುಖದ ತುಂಬ ನಗು.

"ಅಪ್ಪಾ, ನಿಮಗೊಂದು ಸುದ್ದಿ ಐತ್ರಿ. ನೀವು ಬರೂದ್ರಾಗ ಮುಗಿಸಿಬಿಟ್ಟೇನಿ."

"ಏನ್ ಮುಗಿಸ್ದಿ?"

"ಚಂದ್ರೀದು. ಇದ್ರ ನೀವು ನೋಡಿ ತಡಕೊಳ್ಳೂದಿಲ್ಲಂತ ಗೊತ್ತಿತ್ರಿ ನನಗ. ನೀವಿಲ್ದಾಗ ಆಗಿಹೋಗ್ಲಿ ಅಂತ ಇಮಾಮಸಾಬನ ಕರಿಸಿದೆ. ಅಗದಿ ಚಲೋ ಬರಿ ಎಳದಾನ್ರಿ."

ನನ್ನ ಕೈಯಿಂದ ಟ್ರಂಕು ಜಾರಿ ಬಿತ್ತು. ಕೊಡೆಯ ಬಗ್ಗೆ, ಪಾಸ್‌ಪೋರ್ಟಿನ ಬಗ್ಗೆ, ವಿಮಾನದ ರೆಕ್ಕೆಯ ಬಗ್ಗೆ ಚಿಂತಿಸಿದವನು ನಾನು. ಇಡೀ ಪ್ರವಾಸದಲ್ಲಿ ಬಿಟ್ಟುಕೊಟ್ಟ ಚಿಂತೆ ಒಂದೇ. ನಿಜವಾದದ್ದೂ ಅದೊಂದೇ.

ಕಾಕಾ ಮನೆಗೆ ಬಂದು ನೇರ ಲಾಯಕ್ಕೆ ಹೋದ. ಚಂದ್ರಿ ಅವನ ಕೈ ಮೂಸಿತು, ಕೋಟು ಮೂಸಿತು, ಭುಜಕ್ಕೆ ತಲೆ ಹಚ್ಚಿತು. ಅವನು ಕಾಲಿಗೆ ಬಗ್ಗಿದ ಕೂಡಲೇ ಮುಂಗಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಿತು. ಏಣಿಯ ಮೆಟ್ಟಿಲಿನ ಹಾಗೆ ಗೆರೆಗಳು. ಹಕ್ಕಳೆ ಕಟ್ಟಿದ್ದವು.

ನಾನು ಶಿವಾನಂದನಿಗೆ ಬೆಸ್ಸಿಯ ಕಥೆ ಹೇಳಿದೆ. ಹೇಳಬಾರದಿತ್ತೇನೋ. ಅವನು ತಲೆಯ ಮೇಲೆ ಕೈ ಹೊತ್ತು ಹುಲ್ಲಿನ ಮೇಲೆ ಕೂತುಬಿಟ್ಟ. "ಅಪ್ಪಾ, ಬೈಯ್ರಿ ನನಗ" ಎಂದ. ಕಾಕಾ ಚಂದ್ರಿಯ ಕೊರಳು ಸವರಿದ.

"ಬೆಸ್ಸಿಗೂ ಮೊದಲ ಬರೀನ ಬಿದ್ದಿದ್ವು" ಎಂದ. "ನೀ ನನ್ನ ಸಲುವಾಗಿ ಮಾಡೀದಿ. ಏಳು. ಗಾಯ ಮಾಯಲಿ, ಆಮ್ಯಾಲ ನೀರು ಸೇದಾವ ನೀನ."

ಗಾಯ ಮಾಯ್ದ ಮೇಲೆ ಮನೆಯ ಮಣ್ಣಿನ ಹರವಿಗಳೆಲ್ಲ ಹಿತ್ತಿಲಿಗೆ ಬಂದವು. ಸಂಜೆ ಸವುಳ ಬಾವಿಯ ನೀರು ತುಂಬಿ, ಮೇಲೆ ಹರಳುಪ್ಪು ಹಾಕಿ, ಹಸಿ ಗೋಣಿಚೀಲ ಸುತ್ತಿ ಗಾಳಿಗೆ ಇಟ್ಟರೆ ಮುಂಜಾನೆಗೆ ಬೆರಳು ಜುಂ ಎನ್ನುವಷ್ಟು ತಣ್ಣಗಾಗುತ್ತಿತ್ತು. "ಕುಡ್ಯಾಕ ಬರದ ನೀರಿಗೆ ನನ್ನ ಹರವೀನ ಬೇಕಾದ್ವು" ಎಂದಳು ಕಾಕಿ. ಆದರೆ ಗೋಣಿಚೀಲ ಹಸಿ ಮಾಡುತ್ತಿದ್ದವಳು ಅವಳೇ. ದನಗಳ ಕಲ್ಲಿನ ತೊಟ್ಟಿಗೆ ಆ ನೀರು ಸುರಿದೆವು. ಇಮಾಮಸಾಬನೂ ಬಂದು ಬೇಲಿಯ ಹೊರಗೆ ನಿಂತಿದ್ದ.

"ಬೆಂಕಿ ಕಂಡ ಕಾಲಿಗೆ ಉಪ್ಪಿನ ನೀರೇನ್ರಿ ಧಣ್ಯಾರ? ನಾ ಎಲ್ಲೂ ಕಂಡಿಲ್ಲ."

"ನಾ ಕಂಡೇನಿ, ಬಾ. ಹಗ್ಗ ಹಿಡಿ."

ಚಂದ್ರಿ ತೊಟ್ಟಿಯ ಹತ್ತಿರ ಬಂದು ಬೇರು ಬಿಟ್ಟಂತೆ ನಿಂತಿತು. ಆ ಕಾಲಿಗೆ ಈಗ ಯಾರ ಮೇಲೂ ನಂಬಿಕೆಯಿರಲಿಲ್ಲ. ಎಳೆದರೂ ಬರಲಿಲ್ಲ, ಬೆಲ್ಲಕ್ಕೂ ಬರಲಿಲ್ಲ. ಆಗ ಕಾಕಾ ಧೋತರ ತೊಡೆಗೆ ಕಟ್ಟಿ ತಾನೇ ತೊಟ್ಟಿಯೊಳಗೆ ಇಳಿದು ನಿಂತ. ಬಸ್ಸಿಗೆ ಕಾಯುವವರ ಹಾಗೆ. ಬಹಳ ಹೊತ್ತಾಯಿತು. ಚಳಿಗೆ ಅವನು ಕಾಲು ಬದಲಿಸತೊಡಗಿದ. ನೋಡಲಾರದೆ ನಾನೂ ಪ್ಯಾಂಟು ಮಡಚಿ ಇಳಿದೆ, 'ಅಯ್ಯಪ್ಪೋ' ಎಂದೆ. ಚಂದ್ರಿ ನನ್ನನ್ನು ನೋಡಿತು, ಕಾಕಾನನ್ನು ನೋಡಿತು. ಮೂಗನ್ನು ನೀರಿಗೆ ತಾಗಿಸಿ ಫುರ್ ಎಂದಿತು. ಆಮೇಲೆ, ಹುಣ್ಣಿನ ಮೇಲೆ ಅರಿವೆ ಇಡುವಷ್ಟು ಮೆಲ್ಲಗೆ, ಬಲಗಾಲನ್ನು ನಮ್ಮಿಬ್ಬರ ನಡುವೆ ಇಟ್ಟಿತು.

ಇದೆಲ್ಲ ಆಗಿ ಈಗ ಜೋಳ ಮೊಣಕಾಲುದ್ದ ಬಂದಿದೆ. ಮೊನ್ನೆ ಶನಿವಾರ ನವಲಗುಂದದಿಂದ ಹೋದಾಗ ನಾನು ಒಳಗೆ ಉಣ್ಣುತ್ತಿದ್ದೆ. ಶಿವಾನಂದ ಚಂದ್ರಿಯನ್ನು ಅಂಗಳದ ಹಾಸುಗಲ್ಲಿನ ಮೇಲೆ ನಡೆಸಿಕೊಂಡು ಹೊರಟ. ಕಾಕಾ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂತಿದ್ದ. ನಾನೂ ಕೈಯಲ್ಲಿ ತುತ್ತು ಹಿಡಿದು ಕಿವಿಗೊಟ್ಟೆ. ಮೂರು ಹೆಜ್ಜೆ ಗಟ್ಟಿಯಾಗಿ ಬೀಳುತ್ತವೆ. ನಾಲ್ಕನೆಯದು ಇನ್ನೂ ಒಂದಿಷ್ಟು ತಡೆಯುತ್ತದೆ, ನೆಲವನ್ನು ಕೇಳಿ ನೋಡುವ ಹಾಗೆ. ಆಮೇಲೆ ಬೀಳುತ್ತದೆ.